ಮೂರು ಪರ್ಸೆಂಟ್ ಸಂಬಳಕ್ಕೆ ಒಂದು ಬಾಲವಾಡಿ: ಗೋಥೆನ್‌ಬರ್ಗ್‌ನಿಂದ ರಿವ್ಯೂ

ಮೊದಲೇ ಹೇಳಿಬಿಡುತ್ತೇನೆ. ಐದಕ್ಕೆ ನಾಲ್ಕು ಸ್ಟಾರ್. ಉಳಿದ ಒಂದು ಸ್ಟಾರ್ ಯಾಕೆ ಕೊಡಲಿಲ್ಲ ಅನ್ನೋದು ಕೊನೆಯ ಹತ್ತಿರ ಬರುತ್ತದೆ.

ನಾವು ತಿಪಟೂರಿನ ಕಡೆಯವರು. ಕಾರಿನ ಸಾಫ್ಟ್‌ವೇರ್ ಟೆಸ್ಟ್ ಮಾಡುವುದು ನನ್ನ ಕೆಲಸ. ಸ್ವೀಡನ್ನಿನ ಗೋಥೆನ್‌ಬರ್ಗ್‌ಗೆ ಬಂದು ಏಳು ವರ್ಷವಾಯಿತು. ಮಗಳು ಹುಟ್ಟಿದ್ದು 2022ರ ಮೇ ತಿಂಗಳಲ್ಲಿ. 2023ರ ಆಗಸ್ಟ್‌ನಿಂದ ಮನೆ ಹತ್ತಿರದ ಸರ್ಕಾರಿ ಬಾಲವಾಡಿಗೆ ಹೋಗುತ್ತಿದ್ದಾಳೆ. ಇಲ್ಲಿ ಅದಕ್ಕೆ ಫೊರ್‌ಸ್ಕೂಲ ಅನ್ನುತ್ತಾರೆ. ಶಾಲೆಗಿಂತ ಮುಂಚಿನದು ಅಂತ ಅರ್ಥ. ಅಮ್ಮ ಮಾತ್ರ ಊರಲ್ಲಿ ಎಲ್ಲರಿಗೂ ‘ಅಂಗನವಾಡಿ’ ಅಂತಲೇ ಹೇಳಿದ್ದಾರೆ. ‘ಅಷ್ಟು ದೂರ ಹೋಗಿ ಮೊಮ್ಮಗಳನ್ನ ಅಂಗನವಾಡಿಗೆ ಹಾಕಿದ್ದಾರಾ?’ ಅಂತ ಪಕ್ಕದ ಮನೆಯವರು ಕೇಳಿದರಂತೆ.

ಹಾಗೆ ನೋಡಿದರೆ ಅಮ್ಮ ಹೇಳಿದ್ದರಲ್ಲಿ ತಪ್ಪೇನಿಲ್ಲ. ಇದನ್ನೂ ನಡೆಸುವುದು ಸರ್ಕಾರವೇ. ಇಲ್ಲೂ ಊಟ ಕೊಡುತ್ತಾರೆ, ಹಾಡು ಹೇಳಿಕೊಡುತ್ತಾರೆ. ಆದರೆ ಒಂದು ವ್ಯತ್ಯಾಸ ಇದೆ. ನಮ್ಮಲ್ಲಿ 1975ರ ಅಕ್ಟೋಬರ್ 2ರಂದು ಟಿ. ನರಸೀಪುರದಲ್ಲಿ ಅಂಗನವಾಡಿ ಶುರುವಾಗಿದ್ದು ಮಗುವಿನ ಹೊಟ್ಟೆ ನೋಡಿ. ಪೌಷ್ಟಿಕ ಆಹಾರ, ತೂಕ, ಚುಚ್ಚುಮದ್ದು. ಅವ್ವ ಸಂಜೆ ಎಷ್ಟು ಗಂಟೆಗೆ ಕೆಲಸದಿಂದ ಬರುತ್ತಾಳೆ ಅನ್ನೋದು ಅದರ ಲೆಕ್ಕದಲ್ಲಿ ಇರಲಿಲ್ಲ. ಸ್ವೀಡನ್ನಿನ ಬಾಲವಾಡಿ ಬೆಳೆದದ್ದು ಅವ್ವನ ಆಫೀಸಿನ ಗಡಿಯಾರ ನೋಡಿಕೊಂಡು. ನಮ್ಮದು ಬೆಳಗ್ಗೆ ಆರೂವರೆಗೆ ಬಾಗಿಲು ತೆಗೆಯುತ್ತದೆ. ಚಳಿಗಾಲದಲ್ಲಿ ಆಗ ಹೊರಗೆ ಕಗ್ಗತ್ತಲು.

ದುಡ್ಡಿನ ವಿಷಯಕ್ಕೆ ಬರೋಣ, ಎಲ್ಲರೂ ಕೇಳುವುದೇ ಅದನ್ನ.

2002ರಿಂದ ಇಲ್ಲಿ ಫೀಸಿಗೆ ಮೇಲ್ಮಿತಿ ಇದೆ. ಗಂಡ ಹೆಂಡತಿ ಇಬ್ಬರ ಸಂಬಳ ಸೇರಿಸಿ, ಮೊದಲ ಮಗುವಿಗೆ ಅದರಲ್ಲಿ ಶೇ. 3, ಎರಡನೆಯದಕ್ಕೆ ಶೇ. 2, ಮೂರನೆಯದಕ್ಕೆ ಶೇ. 1. ನಾಲ್ಕನೆಯ ಮಗು ಫ್ರೀ. (ನಾಲ್ಕನೆಯದರ ಬಗ್ಗೆ ಅತ್ತೆಗೆ ಹೇಳಿಲ್ಲ.) ಸಂಬಳ ಎಷ್ಟೇ ಜಾಸ್ತಿ ಇರಲಿ, ಒಂದು ಮೊತ್ತದ ಮೇಲೆ ಕೇಳುವಂತಿಲ್ಲ. 2024ರಲ್ಲಿ ಆ ಮೊತ್ತ ಮೊದಲ ಮಗುವಿಗೆ ತಿಂಗಳಿಗೆ 1,688 ಕ್ರೋನಾ ಇತ್ತು. ನಮ್ಮ ದುಡ್ಡಲ್ಲಿ ಸುಮಾರು ಹದಿಮೂರೂವರೆ ಸಾವಿರ. ಬೆಳಗಿನ ತಿಂಡಿ, ಮಧ್ಯಾಹ್ನದ ಊಟ, ಸಂಜೆಯ ಹಣ್ಣು ಎಲ್ಲ ಅದರಲ್ಲೇ ಬಂತು. ಮಗುವಿಗೆ ಮೂರು ತುಂಬುವ ವರ್ಷದ ಶರತ್ಕಾಲದಿಂದ ವಾರಕ್ಕೆ 15 ಗಂಟೆ ಪೂರ್ತಿ ಉಚಿತ. ನಮಗೆ 2025ರಲ್ಲಿ ಅದೂ ಸಿಕ್ಕಿತು. ಇದರ ಮೇಲೆ ಪ್ರತಿ ಮಗುವಿಗೂ ಸರ್ಕಾರವೇ ತಿಂಗಳಿಗೆ 1,250 ಕ್ರೋನಾ ಮಕ್ಕಳ ಭತ್ಯೆ ಕೊಡುತ್ತದೆ. ಸಂಬಳ ಇದ್ದರೂ ಇಲ್ಲದಿದ್ದರೂ ಅದು ಬರುತ್ತದೆ. ಲೆಕ್ಕ ನೀವೇ ಹಾಕಿ.

ಅಮ್ಮನಿಗೆ ಊಟದ ಪಟ್ಟಿ ಓದಿ ಹೇಳಿದಾಗ ಬಂದ ಅಭಿಪ್ರಾಯವನ್ನೂ ಇಲ್ಲಿ ದಾಖಲಿಸಬೇಕು. ಕ್ನೆಕೆಬ್ರೊಡ್ ಅಂತ ಒಂದು ಕೊಡುತ್ತಾರೆ. ಗಟ್ಟಿಯಾಗಿ ಒಣಗಿಸಿದ ರೈ ರೊಟ್ಟಿ, ಮುರಿದರೆ ಟಕ್ ಅನ್ನುತ್ತದೆ. ವಿಡಿಯೋ ಕಾಲ್‌ನಲ್ಲಿ ಮಗಳು ಅದನ್ನು ಕಡಿಯುವುದನ್ನು ನೋಡಿ ಅಮ್ಮ, ‘ಅಯ್ಯೋ, ಖಡಕ್ ರೊಟ್ಟಿ ಕಣೇ ಅದು. ಅದಕ್ಕೂ ಫೀಸಾ?’ ಅಂದರು. ಮಾಂಸ ತಿನ್ನುವುದಿಲ್ಲ ಅಂತ ಅರ್ಜಿಯಲ್ಲೇ ಬರೆದಿದ್ದೆವು. ಅದರಲ್ಲಿ ಒಂದು ದಿನವೂ ಎಡವಟ್ಟಾಗಿಲ್ಲ. ಬೇಳೆ ಸೂಪನ್ನು ಮಗಳು ಈಗ ಸಾರಿಗಿಂತ ಚೆನ್ನಾಗಿದೆ ಅನ್ನುತ್ತಾಳೆ. ಸಹಿಸಿಕೊಂಡಿದ್ದೇವೆ.

ಸೀಟು ಸಿಗುವುದು ಕಷ್ಟವೇನಲ್ಲ. ಅರ್ಜಿ ಹಾಕಿದ ನಾಲ್ಕು ತಿಂಗಳೊಳಗೆ ಜಾಗ ಕೊಡಬೇಕು ಅಂತ ಕಾನೂನೇ ಇದೆ. ಎಲ್ಲಿ ಕೊಡುತ್ತಾರೆ ಅನ್ನುವುದು ಮಾತ್ರ ಅದೃಷ್ಟ. ನಮಗೆ ಹತ್ತಿರದ್ದೇ ಸಿಕ್ಕಿತು.

ಸೇರಿಸುವ ಕ್ರಮ ನನಗೆ ತುಂಬಾ ಹಿಡಿಸಿತು. ಅದಕ್ಕೆ ಇನ್‌ಸ್ಕೂಲ್ನಿಂಗ್ ಅನ್ನುತ್ತಾರೆ. ಮಗುವನ್ನು ಬಾಗಿಲಲ್ಲಿ ಬಿಟ್ಟು ಅಳಿಸಿ ಓಡಿಬರುವ ಪದ್ಧತಿ ಇಲ್ಲ. ಅಪ್ಪನೋ ಅಮ್ಮನೋ ಜೊತೆಗೇ ಹೋಗಿ ಕೂರಬೇಕು. ಮೊದಲ ದಿನ ಒಂದು ಗಂಟೆ, ಮಾರನೇ ದಿನ ಎರಡು ಗಂಟೆ, ಆಮೇಲೆ ಊಟದವರೆಗೆ. ನಮ್ಮಲ್ಲಿ ಎರಡು ವಾರ ಹಿಡಿಯಿತು. ಹೋಗಿ ಕೂತವರು ನನ್ನ ಗಂಡ. ಪುಟ್ಟ ಕುರ್ಚಿಯ ಮೇಲೆ ಆರಡಿ ಆಳು ಮೊಣಕಾಲು ಎದೆಗೆ ತಾಗಿಸಿಕೊಂಡು ಕೂತ ಫೋಟೋ ನನ್ನ ಫೋನಿನಲ್ಲಿದೆ. ಆಗ ಇವರಿಗೆ ರಜೆ. ಬಾಲವಾಡಿಗಿಂತ ಆ ರಜೆಯ ಕತೆಯೇ ದೊಡ್ಡದು. ಅದನ್ನು ಬಿಟ್ಟು ಈ ರಿವ್ಯೂ ಬರೆಯಲು ಬರುವುದಿಲ್ಲ. ಯಾಕೆಂದರೆ ಎರಡೂ ಸೇರಿಯೇ ಒಂದು ಸೇವೆ.

ಒಂದು ಮಗುವಿಗೆ ಇಲ್ಲಿ 480 ದಿನದ ರಜೆಭತ್ಯೆ. ಅದರಲ್ಲಿ 390 ದಿನ ಸಂಬಳದ ಸುಮಾರು ಶೇ. 80, ಒಂದು ಮಿತಿಯವರೆಗೆ. ಉಳಿದ 90 ದಿನಕ್ಕೆ ದಿನಕ್ಕೆ 180 ಕ್ರೋನಾ. ಗಮನಿಸಿ, ಇದು ಹೆರಿಗೆ ರಜೆ ಅಲ್ಲ. 1974ರಲ್ಲೇ ಸ್ವೀಡನ್ ತಾಯಿಯ ರಜೆಯನ್ನು ತೆಗೆದು ಇಬ್ಬರ ರಜೆ ಮಾಡಿತು. ಪ್ರಪಂಚದಲ್ಲಿ ಮೊದಲು ಹಾಗೆ ಮಾಡಿದ್ದು ಇವರೇ. ಆದರೆ ಗಂಡಸರು ತೆಗೆದುಕೊಂಡರಾ? ಮೊದಲ ವರ್ಷ ನೂರು ದಿನದಲ್ಲಿ ಒಂದು ದಿನವೂ ಅವರ ಪಾಲಿಗೆ ಬರಲಿಲ್ಲ. ಎಲ್ಲ ಹೆಂಡತಿಗೆ ಬರೆದುಕೊಟ್ಟರು. ಇಪ್ಪತ್ತು ವರ್ಷ ಕಾದು ನೋಡಿ, 1995ರಲ್ಲಿ ಒಂದು ತಿಂಗಳು ಕಟ್ಟಿಟ್ಟರು. ಅಪ್ಪ ತೆಗೆದುಕೊಂಡರೆ ಉಂಟು, ಇಲ್ಲದಿದ್ದರೆ ಹೋಯಿತು. 2002ರಲ್ಲಿ ಅದು ಎರಡು ತಿಂಗಳಾಯಿತು. 2016ರಿಂದ 90 ದಿನ. ಈಗ ಗಂಡಸರ ಪಾಲು ನೂರರಲ್ಲಿ ಸುಮಾರು ಮೂವತ್ತು ದಿನ. ಒಳ್ಳೆಯ ಬುದ್ಧಿಮಾತಿನಿಂದ ಆಗದ್ದು ‘ಬಿಟ್ಟರೆ ನಷ್ಟ’ ಅನ್ನುವ ಒಂದು ಸಾಲಿನಿಂದ ಆಯಿತು. ಲೆಕ್ಕಾಚಾರದ ಜನರಿಗೆ ಇದು ಅರ್ಥವಾಗುತ್ತದೆ, ನಮ್ಮೂರ ಕೊಬ್ಬರಿ ವ್ಯಾಪಾರಿಗಳಿಗೂ ಆಗುತ್ತದೆ.

ನಾನು ಹನ್ನೊಂದು ತಿಂಗಳು ಮನೆಯಲ್ಲಿದ್ದೆ. 2023ರ ಏಪ್ರಿಲ್‌ನಲ್ಲಿ ನಾನು ಆಫೀಸಿಗೆ ಹೊರಟೆ, ಇವರು ಮನೆಯಲ್ಲಿ ಉಳಿದರು. ಅತ್ತೆ ಫೋನ್ ಮಾಡಿದವರು ಮೊದಲು ಕೇಳಿದ್ದು, ‘ಯಾಕಪ್ಪಾ, ಕೆಲಸಕ್ಕೇನಾದರೂ ತೊಂದರೆ ಆಯ್ತಾ?’ ಅಂತ. ಸರ್ಕಾರದ ರಜೆ ಅಂತ ಎಷ್ಟು ಹೇಳಿದರೂ ಒಂದು ತಿಂಗಳು ನಂಬಲಿಲ್ಲ. ನನ್ನನ್ನು ಫೋನಿಗೆ ಕರೆದು ಮೆಲ್ಲಗೆ, ‘ನಿಜ ಹೇಳಮ್ಮ’ ಅಂದರು.

ಈಗ ಅಮ್ಮನ ಭಾಗ.

ಅಮ್ಮ ಬಾಣಂತನಕ್ಕೆ ಬಂದಿದ್ದರು. ಎರಡು ಸೂಟ್‌ಕೇಸ್ ತುಂಬ ಕೊಬ್ಬರಿ, ಅಂಟು, ಒಣ ಶುಂಠಿ, ಬೆಳ್ಳುಳ್ಳಿ. ಮಗುವಿಗೆ ಸಾಂಬ್ರಾಣಿ ಹೊಗೆ ಹಾಕಲು ಹೋಗಿ ಮೊದಲ ದಿನವೇ ಬೆಂಕಿ ಅಲಾರಂ ಕೂಗಿಸಿದರು. ಆಮೇಲೆ ಬಾಲ್ಕನಿಯಲ್ಲಿ ಕೆಂಡ ಮಾಡಿ, ಟವೆಲ್‌ಗೆ ಮಾತ್ರ ಹೊಗೆ ಹಿಡಿಸಿ ತಂದು ಸುತ್ತಿದರು. ಬೆಳಗ್ಗೆ ನಾಲ್ಕಕ್ಕೆ ಎದ್ದು ಮಗುವನ್ನು ಎತ್ತಿಕೊಂಡು ಕೂರುತ್ತಿದ್ದರು. ಬೇಸಿಗೆಯಾದ್ದರಿಂದ ಆಗಲೇ ಬಿಸಿಲು. ‘ಇದೆಂಥ ಊರು ಕಣೇ, ಸೂರ್ಯನೂ ಮಲಗಲ್ಲ’ ಅನ್ನುತ್ತಿದ್ದರು.

ಅವರ ವೀಸಾ 90 ದಿನ. ಅಪ್ಪನಿಗೆ ಕಟ್ಟಿಟ್ಟ ರಜೆಯೂ 90 ದಿನ. ಸುಮ್ನೆ ಕಾಕತಾಳೀಯ, ನನಗೆ ಗೊತ್ತು. ಆದರೂ ಆ ಎರಡು ತೊಂಬತ್ತುಗಳನ್ನು ಅಕ್ಕಪಕ್ಕ ಇಟ್ಟು ನೋಡಿದಾಗಲೆಲ್ಲ ಏನೋ ಚುಚ್ಚುತ್ತದೆ. ಒಂದು ತೊಂಬತ್ತಕ್ಕೆ ಸಂಬಳ ಬಂತು. ಇನ್ನೊಂದು ತೊಂಬತ್ತಕ್ಕೆ ನಾವೇ ಟಿಕೆಟ್ ತೆಗೆಸಿದೆವು, ಮೂವತ್ತು ಸಾವಿರ ಯೂರೋ ಮೊತ್ತದ ಪ್ರವಾಸ ವಿಮೆ ಮಾಡಿಸಿದೆವು. 2024ರ ಜುಲೈ 1ರಿಂದ ಹೊಸ ನಿಯಮ ಬಂತು. ಅಪ್ಪ ಅಮ್ಮ ಇಬ್ಬರೂ ತಲಾ 45 ದಿನದವರೆಗೆ ರಜೆಭತ್ಯೆಯನ್ನು ಬೇರೆಯವರಿಗೆ ಬರೆದುಕೊಡಬಹುದು. ಅಜ್ಜಿ, ತಾತ, ಸ್ನೇಹಿತರು ಯಾರಿಗೆ ಬೇಕಾದರೂ. ಓದಿ ಖುಷಿಯಾಗಿ ಕೆಳಗೆ ನೋಡಿದರೆ, ಆ ಅಜ್ಜಿ ಸ್ವೀಡನ್ನಿನ ಸಾಮಾಜಿಕ ವಿಮೆಯೊಳಗೆ ಇರಬೇಕು. ಸ್ವೀಡಿಷ್ ಅಜ್ಜಿಗೆ ಉಂಟು. ವೀಸಾ ಮೇಲೆ ಬಂದ ಅಜ್ಜಿಗೆ ಇಲ್ಲ.

ಇನ್ನೊಂದು ಷರತ್ತು, ಇಲ್ಲಿಗೆ ಬರುವ ಹೆಣ್ಣುಮಕ್ಕಳು ಮೊದಲೇ ತಿಳಿದಿರಬೇಕು. ಮೊದಲ 180 ದಿನಕ್ಕೆ ಸಂಬಳದ ಲೆಕ್ಕದಲ್ಲಿ ಭತ್ಯೆ ಬರಬೇಕಾದರೆ ಹೆರಿಗೆ ದಿನಾಂಕಕ್ಕೆ ಮುಂಚೆ 240 ದಿನ ಇಲ್ಲಿ ಕೆಲಸ ಮಾಡಿರಬೇಕು. ಇಲ್ಲದಿದ್ದರೆ ದಿನಕ್ಕೆ 250 ಕ್ರೋನಾ, ಅಷ್ಟೇ. ಗಂಡನ ವೀಸಾ ಮೇಲೆ ಬಂದು, ಭಾಷೆ ಕಲಿಯುತ್ತಾ, ಕೆಲಸ ಹುಡುಕುತ್ತಾ ಇರುವಾಗಲೇ ಬಸುರಿಯಾದ ಇಬ್ಬರು ನನ್ನ ಪರಿಚಯದಲ್ಲೇ ಇದ್ದಾರೆ. ಇಬ್ಬರೂ ಎಂಜಿನಿಯರುಗಳು. ಈ ದೇಶ ಹೆಂಗಸರಿಗೆ ಸಹಾಯ ಮಾಡುತ್ತದೆ ಅನ್ನುವುದಕ್ಕಿಂತ ಕೆಲಸದಲ್ಲಿರುವ ಹೆಂಗಸರಿಗೆ ಸಹಾಯ ಮಾಡುತ್ತದೆ ಅನ್ನುವುದು ಸರಿ. ಮನೆಯಲ್ಲಿ ಕೂತು ಮಕ್ಕಳನ್ನು ನೋಡಿಕೊಳ್ಳುತ್ತೇನೆ ಅಂದರೆ ಇಲ್ಲಿ ಜನ ಒಂದು ಥರ ನೋಡುತ್ತಾರೆ.

ಬೆಂಗಳೂರಿನಲ್ಲಿ ತಂಗಿಯ ಕತೆ ಇದರ ತಿರುವುಮುರುವು. ಅವಳಿಗೆ ಮಗ ಹುಟ್ಟಿದ್ದು 2023ರ ಜನವರಿಯಲ್ಲಿ. ಹೆರಿಗೆ ಸೌಲಭ್ಯ ಕಾಯ್ದೆಯ 2017ರ ತಿದ್ದುಪಡಿಯ ಪ್ರಕಾರ 26 ವಾರ ಪೂರ್ತಿ ಸಂಬಳದ ರಜೆ ಸಿಕ್ಕಿತು. ಹೇಳಿಕೊಳ್ಳಲು ಚೆನ್ನಾಗಿದೆ. ಆದರೆ ಆ ಸಂಬಳವನ್ನು ಕೊಡುವುದು ಸರ್ಕಾರವಲ್ಲ, ಕಂಪನಿ. ಹಾಗಾಗಿ ಮದುವೆಯಾದ ಹುಡುಗಿ ಇಂಟರ್‌ವ್ಯೂಗೆ ಬಂದರೆ ಎದುರಿಗೆ ಕೂತವರು ಮನಸ್ಸಿನಲ್ಲೇ ಗುಣಾಕಾರ ಶುರು ಮಾಡುತ್ತಾರೆ. ಅಪ್ಪನಿಗೆ ಆ ಕಾನೂನಿನಲ್ಲಿ ಒಂದು ದಿನವೂ ಇರಲಿಲ್ಲ. 50 ಅಥವಾ ಅದಕ್ಕಿಂತ ಹೆಚ್ಚು ಕೆಲಸಗಾರರಿರುವ ಕಡೆ ಶಿಶುಪಾಲನಾ ಕೇಂದ್ರ ಇರಬೇಕು ಅಂತ ಅದೇ ಕಾನೂನು ಹೇಳುತ್ತಿತ್ತು. ತಂಗಿಯ ಆಫೀಸಿನವರು ನಗರದ ಇನ್ನೊಂದು ಮೂಲೆಯ ಒಂದು ಡೇಕೇರ್ ಜೊತೆ ಒಪ್ಪಂದ ಮಾಡಿಕೊಂಡು ಕೈತೊಳೆದುಕೊಂಡಿದ್ದರು. ಆ ಟ್ರಾಫಿಕ್‌ನಲ್ಲಿ ಆರು ತಿಂಗಳ ಕೂಸನ್ನು ಎತ್ತಿಕೊಂಡು ಯಾರು ಹೋಗುತ್ತಾರೆ?

ಜುಲೈನಲ್ಲಿ ರಜೆ ಮುಗಿಯಿತು. ಅದಕ್ಕೆ ಸರಿಯಾಗಿ ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾಗಿತ್ತು. ಅಮ್ಮ ಸೋಮವಾರ ಬೆಳಗಿನ ಜಾವ ತಿಪಟೂರಿನಲ್ಲಿ ಕೆಂಪು ಬಸ್ಸು ಹತ್ತಿ, ಆಧಾರ್ ಕಾರ್ಡ್ ತೋರಿಸಿ, ಜೀರೋ ಟಿಕೆಟ್ ತೆಗೆದುಕೊಂಡು ಬೆಂಗಳೂರಿಗೆ ಹೋಗತೊಡಗಿದರು. ಶುಕ್ರವಾರ ಸಂಜೆ ವಾಪಸ್. ಎರಡು ವರ್ಷ. ರಾಜಹಂಸ, ಐರಾವತಕ್ಕೆ ಫ್ರೀ ಇಲ್ಲ, ಅದಕ್ಕೇ ಬೆನ್ನು ನೋವಾದರೂ ಕೆಂಪು ಬಸ್ಸೇ. ‘ಸಿದ್ದರಾಮಯ್ಯನವರ ಬಸ್ಸಲ್ಲಿ ಬಂದೆ’ ಅಂತ ತಂಗಿಯ ಗಂಡನಿಗೆ ಜೋರಾಗಿ ಹೇಳುವುದು ಅವರಿಗೊಂದು ಖುಷಿ. ಮೊದಲೆಲ್ಲ ಬಸ್ ಚಾರ್ಜಿಗೆ ಅಪ್ಪನ ಹತ್ತಿರ ಕೇಳಬೇಕಿತ್ತು. ಈಗ ಬೇಕಾಗಿಲ್ಲ. ಗೃಹಲಕ್ಷ್ಮಿಯ ಎರಡು ಸಾವಿರದಲ್ಲಿ ಮೊಮ್ಮಗನಿಗೆ ಗಿಲಕಿ ತಂದರು. ಇದನ್ನೆಲ್ಲ ಸಣ್ಣದು ಅಂತ ನಾನು ಹೇಳುವುದಿಲ್ಲ. ಕೇಳದೆ ಹೊರಡುವುದು ಅಂದರೆ ಏನು ಅನ್ನೋದು ನಮ್ಮ ಅಮ್ಮಂದಿರಿಗೆ ಗೊತ್ತು.

ಆದರೆ ನನಗೆ ಅನ್ನಿಸಿದ್ದು ಇಷ್ಟು. ಸ್ವೀಡನ್ ಮಗುವನ್ನು ಬಾಲವಾಡಿಯ ಲೆಕ್ಕಕ್ಕೆ ತೆಗೆದುಕೊಂಡು ಅಜ್ಜಿಯ ಕೆಲಸವನ್ನೇ ತೆಗೆದುಹಾಕಿತು. ಕರ್ನಾಟಕ ಅಜ್ಜಿಯ ಬಸ್ ಚಾರ್ಜ್ ಕೊಟ್ಟಿತು, ಕೆಲಸ ಅಜ್ಜಿಯ ಹತ್ತಿರವೇ ಉಳಿಯಿತು. ತಂಗಿಯ ಕಂಪನಿಗೆ ಅದು ಪುಕ್ಕಟೆ ಡೇಕೇರ್. 2019ರ ನಮ್ಮ ರಾಷ್ಟ್ರೀಯ ಸಮೀಕ್ಷೆಯಲ್ಲಿ ಮನೆಗೆಲಸ ಮಾಡುವ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ಅದಕ್ಕೆ ಕೊಡುತ್ತಾರೆ, ಗಂಡಸರು 97 ಅಂತ ಬಂದಿತ್ತು. ಅದರಲ್ಲೂ ಗಂಡಸರಲ್ಲಿ ನಾಲ್ಕರಲ್ಲಿ ಒಬ್ಬರು ಮಾತ್ರ ಆ ಕೆಲಸಕ್ಕೆ ಕೈ ಹಾಕಿದವರು. ತಂಗಿಗೆ ಈ ಅಂಕಿ ಕಳಿಸಿದೆ. ‘97 ನಿಮಿಷ ಮಾಡೋ ಗಂಡಸರು ಯಾವ ಊರಲ್ಲಿದ್ದಾರೆ?’ ಅಂತ ಉತ್ತರ ಬಂತು.

ಜರ್ಮನಿಯ ಬಗ್ಗೆ ಎರಡು ಮಾತು. ಸ್ಟುಟ್‌ಗಾರ್ಟ್‌ನಲ್ಲಿರುವ ನನ್ನ ಕಾಲೇಜು ಗೆಳತಿ ಇದನ್ನು ಓದಿದರೆ ಬೈಯುತ್ತಾಳೆ. ಅಲ್ಲೂ ಒಂದು ವರ್ಷ ತುಂಬಿದ ಮಗುವಿಗೆ ಬಾಲವಾಡಿಯ ಹಕ್ಕು 2013ರ ಆಗಸ್ಟ್‌ನಿಂದ ಇದೆ. ಹಕ್ಕು ಇದೆ, ಸೀಟು ಇಲ್ಲ ಅನ್ನುತ್ತಾಳೆ ಅವಳು. ಆದರೆ ಅವಳನ್ನು ನಿಜವಾಗಿ ಮನೆಯಲ್ಲಿ ಕೂರಿಸಿದ್ದು ತೆರಿಗೆ. ಸ್ವೀಡನ್ನಿನಲ್ಲಿ 1971ರಿಂದ ಗಂಡನ ತೆರಿಗೆ ಗಂಡನಿಗೆ, ಹೆಂಡತಿಯದು ಹೆಂಡತಿಗೆ. ಜರ್ಮನಿಯಲ್ಲಿ ಇಬ್ಬರ ಆದಾಯ ಸೇರಿಸಿ ಲೆಕ್ಕ. ಒಬ್ಬರು ಜಾಸ್ತಿ, ಒಬ್ಬರು ಕಡಿಮೆ ದುಡಿದರೆ ಮನೆಗೆ ಲಾಭ. ಕಡಿಮೆ ದುಡಿಯುವವರು ಯಾರು ಅಂತ ಬಿಡಿಸಿ ಹೇಳಬೇಕಾ? ಅರ್ಧ ದಿನದ ಕೆಲಸಕ್ಕೆ ಅವಳ ಕೈಗೆ ಬರುವ ಸಂಬಳ ನೋಡಿದರೆ ಅಳು ಬರುತ್ತದೆ. ಚಿಕ್ಕ ಮಗುವನ್ನು ಬಿಟ್ಟು ದುಡಿಯಲು ಹೋಗುವವಳಿಗೆ ಅಲ್ಲಿ ಒಂದು ಬೈಗುಳವೂ ಇದೆಯಂತೆ, ‘ರಾಬೆನ್‌ಮುಟರ್’ ಅಂತ. ಕಾಗೆ ಜಾತಿಯ ದೊಡ್ಡ ಹಕ್ಕಿಯ ಹೆಸರಲ್ಲಿ ಬೈಗುಳ. ನಮ್ಮಲ್ಲಿ ಕಾಗೆ ಅಂದರೆ ಬಳಗ ಕರೆದು ಉಣ್ಣುವ ಹಕ್ಕಿ. ಕಾಗೆಗೆ ಹೀಗೂ ಒಂದು ಅಪವಾದ ಅಂತ ನನಗೆ ಗೊತ್ತಿರಲಿಲ್ಲ.

ಮತ್ತೆ ನಮ್ಮ ಬಾಲವಾಡಿಗೆ. ಇಲ್ಲಿನ ಕೆಲಸಗಾರರ ಬಗ್ಗೆ ಹೇಳದಿದ್ದರೆ ಅನ್ಯಾಯ. ಮಗಳ ಗುಂಪಿನಲ್ಲಿ ಮೂವರು ಇದ್ದಾರೆ, ಮೂವರೂ ಹೆಂಗಸರು. ಇಡೀ ಕಟ್ಟಡದಲ್ಲಿ ಗಂಡಸು ಒಬ್ಬರೇ. ಈ ದೇಶದ ಬಾಲವಾಡಿಗಳೆಲ್ಲ ಹೀಗೆಯೇ. ನಾವು ಹೆಂಗಸರು ಆಫೀಸಿಗೆ ಹೋಗಲಿ ಅಂತ ಮಾಡಿದ ವ್ಯವಸ್ಥೆಯನ್ನು ಹೊತ್ತಿರುವವರೂ ಹೆಂಗಸರೇ. ಬೆಳಗ್ಗೆ ಬಾಗಿಲು ತೆಗೆಯುವವರು ಸೋಮಾಲಿಯಾದಿಂದ ಬಂದವರು. ಆರೂವರೆಗೆ ನಮ್ಮ ಮಕ್ಕಳಿಗೆ ಬಾಗಿಲು ತೆಗೆಯಲು ತನ್ನ ಮಗುವನ್ನು ಗಂಡನಿಗೆ ಒಪ್ಪಿಸಿ ಟ್ರಾಮ್ ಹಿಡಿದು ಬರುತ್ತಾರೆ. ಮಗಳನ್ನು ಎತ್ತಿಕೊಳ್ಳುವ ರೀತಿ ನೋಡಿದರೆ ಗೊತ್ತಾಗುತ್ತದೆ, ಕೋರ್ಸಿನಲ್ಲಿ ಕಲಿತದ್ದಲ್ಲ ಅದು. ಸೊಂಟದ ಮೇಲೆ ಕೂರಿಸಿಕೊಂಡು ಇನ್ನೊಂದು ಕೈಯಲ್ಲಿ ಕೆಲಸ ಮಾಡುತ್ತಾರೆ, ನಮ್ಮೂರವರ ಹಾಗೆ. ಸಂಬಳ ದೊಡ್ಡದಲ್ಲ. ಆದರೆ ಸಂಬಳ, ಪಿಂಚಣಿ, ರಜೆ ಎಲ್ಲ ಇದೆ. ನಮ್ಮ ಬೀದಿಯ ಅಂಗನವಾಡಿ ಟೀಚರ್‌ಗೆ ಬರುವುದನ್ನು ಇವತ್ತಿಗೂ ಸಂಬಳ ಅನ್ನುವುದಿಲ್ಲ, ‘ಗೌರವಧನ’ ಅನ್ನುತ್ತಾರೆ. ಗ್ರಾಚ್ಯುಟಿ ಕೊಡಬೇಕು ಅಂತ ಸುಪ್ರೀಂ ಕೋರ್ಟ್ ಹೇಳಿದ್ದು 2022ರಲ್ಲಿ.

ಮಳೆ ಬಂದರೂ ಹಿಮ ಬಿದ್ದರೂ ಮಕ್ಕಳನ್ನು ಹೊರಗೆ ಬಿಡುತ್ತಾರೆ. ಮೊದಲ ನವೆಂಬರ್ ನನಗೆ ಹೊಟ್ಟೆ ಉರಿಯಿತು. ಈ ಊರಲ್ಲಿ ಮಲೆನಾಡಿನ ಹಾಗೆ ಜಿಟಿಜಿಟಿ ಮಳೆ. ಮಕ್ಕಳು ಗಾಲೋನ್ ಅನ್ನುವ ರಬ್ಬರಿನಂಥ ಮಳೆ ಪ್ಯಾಂಟು ಹಾಕಿಕೊಂಡು ಕೆಸರಲ್ಲಿ ಎಮ್ಮೆ ಕರುವಿನ ಹಾಗೆ ಬಿದ್ದಿರುತ್ತವೆ. ಒಳಗೆ ಒದ್ದೆ ಬಟ್ಟೆ ಒಣಗಿಸಲೆಂದೇ ಬಿಸಿ ಗಾಳಿಯ ಒಂದು ಬೀರು. ಆ ಬೀರು ಊರಿಗೆ ಕಳಿಸುವ ಹಾಗಿದ್ದರೆ ಕಳಿಸುತ್ತಿದ್ದೆ.

ಈಗ ಕೊಡದ ಆ ಸ್ಟಾರ್.

ಮಗುವಿಗೆ ಜ್ವರ ಬಂದರೆ ಅಪ್ಪ ಅಥವಾ ಅಮ್ಮ ಮನೆಯಲ್ಲಿ ಉಳಿದು ಭತ್ಯೆ ತೆಗೆದುಕೊಳ್ಳಬಹುದು. ವರ್ಷಕ್ಕೆ ಒಂದು ಮಗುವಿಗೆ 120 ದಿನದವರೆಗೆ. ಇದಕ್ಕೆ ‘ವಾಬ್’ ಅನ್ನುತ್ತಾರೆ. ಫೆಬ್ರವರಿಯಲ್ಲಿ ಮಕ್ಕಳೆಲ್ಲ ಕೆಮ್ಮುವುದರಿಂದ ಆ ತಿಂಗಳಿಗೆ ‘ವಾಬ್ರುವಾರಿ’ ಅಂತಲೇ ಅಡ್ಡಹೆಸರು. ಬೆಂಗಳೂರಿನ ತಂಗಿಗೆ ಇದನ್ನು ಹೇಳಿದಾಗ ಅವಳು ನಂಬಲೇ ಇಲ್ಲ. ಇಷ್ಟು ಚೆನ್ನಾಗಿದೆ ವ್ಯವಸ್ಥೆ. ಅರ್ಜಿಯಲ್ಲಿ ಅಪ್ಪನ ನಂಬರ್ ಮೊದಲು, ನನ್ನದು ಎರಡನೆಯದು ಅಂತ ಬರೆದಿದ್ದೆವು. ಇವರ ಆಫೀಸು ಬಾಲವಾಡಿಗೆ ಹತ್ತು ನಿಮಿಷ, ನನ್ನದು ನಲವತ್ತು. ಆದರೂ ಜ್ವರ ಬಂದರೆ ಫೋನ್ ಬರುವುದು ನನಗೆ.

ಒಂದು ಸಲ ಅಲ್ಲ. ಕಳೆದ ಚಳಿಗಾಲದಲ್ಲಿ ಬರೆದಿಟ್ಟುಕೊಂಡೆ. ಒಂಬತ್ತು ಕರೆ, ಎಂಟು ನನಗೆ. ಪೋಷಕರ ಸಭೆಯಲ್ಲಿ ಕೇಳಿದೆ. ‘ಅಯ್ಯೋ, ಹೌದಾ, ಅಭ್ಯಾಸ’ ಅಂತ ನಾಚಿಕೊಂಡರು. ಆ ಗೋಡೆಯ ಮೇಲೆ ಗಂಡು ಹೆಣ್ಣು ಸಮಾನ ಅನ್ನುವ ಪೋಸ್ಟರ್ ಕೂಡ ಇತ್ತು. ಅಪ್ಪ ಕಾರು ತೊಳೆಯುವ ಚಿತ್ರವಲ್ಲ, ಅಪ್ಪ ಡೈಪರ್ ಬದಲಿಸುವ ಚಿತ್ರ. ಇಡೀ ದೇಶದಲ್ಲಿ ವಾಬ್ ದಿನಗಳಲ್ಲಿ ಸುಮಾರು ಶೇ. 60 ಹೆಂಗಸರೇ ತೆಗೆದುಕೊಳ್ಳುವುದು. ಅದರಲ್ಲಿ ಎಷ್ಟು ದಿನ ಹೀಗೆ ಫೋನ್ ಯಾರಿಗೆ ಹೋಯಿತು ಅನ್ನುವುದರ ಮೇಲೆ ತೀರ್ಮಾನವಾಗಿದೆಯೋ.

ದೂರು ಕೊಟ್ಟ ಮೇಲೆ ಒಂದು ಸಲ ಇವರಿಗೇ ಕರೆ ಹೋಯಿತು. ಮಗಳನ್ನು ಮನೆಗೆ ಕರೆತಂದು ಮಲಗಿಸಿ ಇವರು ನನಗೆ ಫೋನ್ ಮಾಡಿದರು, ‘ಥರ್ಮಾಮೀಟರ್ ಎಲ್ಲಿಟ್ಟಿದ್ದೀಯ?’ ಅಂತ. ಮೀಟಿಂಗಿನಿಂದ ಎದ್ದು ಹೊರಗೆ ಬಂದು ಹೇಳಿದೆ. ಇದಕ್ಕೆ ಬಾಲವಾಡಿಯ ಸ್ಟಾರ್ ಕಡಿಮೆ ಮಾಡಲು ಬರುವುದಿಲ್ಲ, ಒಪ್ಪುತ್ತೇನೆ.

ಹೊಸದಾಗಿ ಬರುವವರಿಗೆ: ಮಗುವಿಗೆ ಎಂಟು ತಿಂಗಳಾದಾಗಲೇ ಅರ್ಜಿ ಹಾಕಿ. ಊರಿನಲ್ಲಿ ಹುಟ್ಟಿದ ಮಗುವನ್ನು ಕರೆದುಕೊಂಡು ಬರುವವರು ವಯಸ್ಸು ನೋಡಿಕೊಳ್ಳಿ. ಎರಡನೇ ವರ್ಷದಲ್ಲಿ ಬಂದರೆ 480 ದಿನ ಇರುವುದಿಲ್ಲ, 200ಕ್ಕೆ ಇಳಿಯುತ್ತದೆ. ಅದಕ್ಕೂ ತಡವಾದರೆ 100. ಗಾಲೋನ್ ಹೊಸದು ತೆಗೆದುಕೊಳ್ಳಬೇಡಿ, ಸೆಕೆಂಡ್ ಹ್ಯಾಂಡ್ ಅಂಗಡಿಯಲ್ಲಿ ಕಾಲು ಬೆಲೆಗೆ ಸಿಗುತ್ತದೆ. ಕೈಗವಸು ಮಾತ್ರ ನಾಲ್ಕು ಜೊತೆ ಬೇಕು. ಮತ್ತೆ ಬಟ್ಟೆಗೆ ಅಂಟಿಸುವ ಹೆಸರಿನ ಚೀಟಿ. ನಾವು ನೂರು ತರಿಸಿದ್ದೆವು, ಕ್ರಿಸ್ಮಸ್‌ಗೆ ಮುಂಚೆಯೇ ಮುಗಿಯಿತು. ಇನ್ನೂರು ತರಿಸಿ.